ಸಂಗಮದ ದಂಡೆಯಲ್ಲಿ ಒಲೆ

ಗೊಲ್ಲಾಳಪ್ಪನಿಗೆ ಹೊರಗಿನ ಅನ್ನ ಆಗುವುದಿಲ್ಲ. ಜಲನಗರದ ಆ ಓಣಿಗೆಲ್ಲ ಇದು ಗೊತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಷ್ಟು ವರ್ಷ ಕ್ಯಾಂಟೀನಿನ ಭಜಿ, ಮಿರ್ಚಿ, ನಿನ್ನೆಯ ಸಾರು ಎಲ್ಲವೂ ಆಗುತ್ತಿತ್ತು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಸೊಸೆ ಮೇಘಾಳ ಕೈಯ ಬಿಸಿ ರೊಟ್ಟಿ ಬಿಟ್ಟು ಬೇರೆ ಏನು ತಿಂದರೂ ಹೊಟ್ಟೆ ಉರಿಯತೊಡಗಿತು. ಇಂಥ ಹೊಟ್ಟೆಯನ್ನು ಹೊತ್ತುಕೊಂಡು ಆತ ಪ್ರಯಾಗದ ಯಾತ್ರೆಗೆ ಹೊರಟ.

ಯಾತ್ರೆಯ ಮಾತು ತೆಗೆದವನು ತಿಕೋಟಾದ ಸಿದಗೊಂಡಪ್ಪ, ಗೊಲ್ಲಾಳಪ್ಪನ ಹೆಂಡತಿ ರೇಣವ್ವನ ತಮ್ಮ. ದ್ರಾಕ್ಷಿ ತೋಟ ಇದ್ದವನು, ಮಾತು ತೆಗೆದರೆ ಗಾಡಿಯನ್ನೂ ಗೊತ್ತು ಮಾಡುವವನು. ಬಂದೇನವಾಜ ಎಂಬವನ ಬಾಡಿಗೆ ಟೆಂಪೊ ನಿಕ್ಕಿಯಾಯಿತು. ಸಿದಗೊಂಡಪ್ಪ, ಅವನ ತೋಟದ ಇಬ್ಬರು ಗೆಳೆಯರು, ಗೊಲ್ಲಾಳಪ್ಪ, ರೇಣವ್ವ, ವಯಸ್ಸಾದವರ ಜೊತೆಗೆ ಒಬ್ಬ ಇರಲಿ ಎಂದು ಮಗ ದೇವಾನಂದ. ಅಡುಗೆಗೆ ಸಿದಗೊಂಡಪ್ಪನ ಹೆಂಡತಿ ಕಸ್ತೂರವ್ವ. ಆದರೆ ಹೊರಡುವುದು ಹತ್ತಿರ ಬಂದಂತೆ ಕಸ್ತೂರವ್ವನ ಮೊಣಕಾಲು ಬಾತುಕೊಂಡವು. ಸುದ್ದಿ ಜಲನಗರಕ್ಕೆ ಬಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು.

"ಹಂಗಾರ ಅಡಗಿ ಯಾರ ಮಾಡ್ತಾರ?" ಎಂದ ಗೊಲ್ಲಾಳಪ್ಪ. ಮೊಣಕಾಲು ಹೇಗಿವೆ ಎಂದು ಯಾರೂ ಕೇಳಲಿಲ್ಲ.

"ಇಷ್ಟು ಮಂದೀದು ನನ್ನ ಕೈಲೆ ಆಗೂದಿಲ್ರಿ," ಎಂದಳು ರೇಣವ್ವ.

"ಮೇಘಾ ಬರಲಿ."

ದೇವಾನಂದ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಯಾರ ಮಾತಿಗೂ ಎದುರಾಡದೆ ನೌಕರಿ ಉಳಿಸಿಕೊಂಡವನು. "ಆರತಿ ಸಾಲಿ ಐತೆಲ್ಲಪ್ಪಾ," ಎಂದು ಒಂದು ಸಣ್ಣ ಅಡ್ಡಿ ತಂದು ನೋಡಿದ.

"ಆರತಿ ತಿಕೋಟಾದಾಗ ಇರ್ತಾಳ. ಅಲ್ಲಿಂದ ಬಸ್ಸಿಲ್ಲೇನ? ಕಸ್ತೂರಿಗೂ ಒಂದ ಆಸರಾಗತೈತಿ."

"ನನ್ನ ಒಂದ ಮಾತು ಕೇಳ್ರಿ ಮುತ್ಯಾ," ಎಂದಳು ಮೊಮ್ಮಗಳು ಆರತಿ, ಒಂಬತ್ತನೆಯ ತರಗತಿಯವಳು. "ನಮ್ಮವ್ವನ್ನೂ ಕೇಳ್ರಿ."

"ಪುಣ್ಯದ ಕೆಲಸಕ್ಕ ಕೇಳೂದೇನೈತಿ?" ಎಂದ ಗೊಲ್ಲಾಳಪ್ಪ, ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಚಾಚಿದ.

ಅಡುಗೆಯವಳಾಗಿ ಸೀಟು ಸಿಕ್ಕಿತೆಂದು ಮೇಘಾ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಒಳಗೊಳಗೇ ಹಿಗ್ಗಿದಳು. ಗಂಗೆಯಲ್ಲಿ ಅವಳದೊಂದು ಕೆಲಸ ಬಾಕಿ ಇತ್ತು.

ಆರತಿ ಹುಟ್ಟುವಾಗ ಮೇಘಾಗೆ ರಕ್ತ ನಿಲ್ಲಲೇ ಇಲ್ಲ. ಡಾಕ್ಟರು ಕೈ ಚೆಲ್ಲಿದ್ದರು. ಆಸ್ಪತ್ರೆಯ ಪಡಸಾಲೆಯಲ್ಲಿ ನೆಲಕ್ಕೆ ಕೂತು ಅವಳ ತಾಯಿ ನೀಲವ್ವ ಸೆರಗೊಡ್ಡಿ ಹರಕೆ ಹೊತ್ತಳು: ಗಂಗವ್ವಾ, ನನ್ನ ಮಗಳು ಉಳಿದರೆ ಅವಳನ್ನು ಕರೆತಂದು ನಿನ್ನ ನೀರಲ್ಲಿ ಜಳಕ ಮಾಡಿಸುತ್ತೇನೆ, ನಿನಗೆ ಹಸಿರು ಸೀರೆಯ ಉಡಿ ತುಂಬುತ್ತೇನೆ. ಮಗಳು ಉಳಿದಳು. ನೀಲವ್ವ ಕಂಡವರ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿ ಸೀರೆಯನ್ನೇನೋ ಕೊಂಡಳು, ಗಂಗೆಯ ತನಕ ಹೋಗುವುದು ಆಗಲಿಲ್ಲ. ಹರಕೆ ತಲೆಯ ಮೇಲೆ ಹೊತ್ತುಕೊಂಡೇ ಸತ್ತಳು.

ಮೇಘಾ ಬಬಲೇಶ್ವರದ ತವರಿಗೆ ಹೋಗಿ ಆ ಸೀರೆ ಕೇಳಿದಳು. ಅಣ್ಣನ ಹೆಂಡತಿ ಟ್ರಂಕಿನ ತಳದಿಂದ ತೆಗೆದುಕೊಟ್ಟಳು.

"ಅತ್ತಿ ಇದನ್ನ ಬಿಚ್ಚೂದು, ನೋಡೂದು, ಮತ್ತ ಮಡಚಿ ಇಡೂದು. ಇದs ಮಾಡ್ತಿದ್ರು," ಎಂದಳು. "ನೀನs ಕೈಯಾರೆ ತುಂಬು. ಅವರ ಹೆಸರು ಹೇಳು, ಮರೀಬ್ಯಾಡ."

"ಹ್ಯಾಂಗ ಮರೀಲಿ ವೈನಿ? ಅಕಿ ಹೊತ್ತ ಹರಕಿಗೇ ನಾ ಉಳದೇನಿ," ಎಂದಳು ಮೇಘಾ. ವಾಪಸು ಬರುವ ಬಸ್ಸಿನಲ್ಲಿ ಸೀರೆಯ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಆಮೇಲೆ ಶುರುವಾಯಿತು ತಯಾರಿ. ಮೇಘಾ ಹೊಲಿಯಲು ತಂದಿದ್ದ ಓಣಿಯವರ ಜಂಪರುಗಳನ್ನು ಬದಿಗಿಟ್ಟು ರೊಟ್ಟಿ ಬಡಿಯಲು ಕೂತಳು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಡಕ್ ಆಗುವ ತನಕ ಒಣಗಿಸಿ ಧೋತರದಲ್ಲಿ ಕಟ್ಟಿದ್ದು. ರೊಟ್ಟಿಗೆ ನಂಜಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿಟ್ಟಿಗೆ ಹುರಿದ ರವೆ. ಗಂಡಸರೂ ತಯಾರಿ ಮಾಡಿದರು. ಕಿವಿ ಮುಚ್ಚುವ ಟೋಪಿ ಕೊಂಡರು.

ರೇಣವ್ವ ಔಷಧದ ಅಂಗಡಿಯಿಂದ ಕಾಗದದಲ್ಲಿ ಸುತ್ತಿದ ಗುಳಿಗೆ ತಂದು ಸೊಸೆಯ ಕೈಗಿಟ್ಟಳು.

"ದಿನಾ ಒಂದೊಂದು ನುಂಗು. ಗಂಗಿ ಮುಟ್ಟೂತನಕಾ ಮುಟ್ಟು ತಡೀತೈತಿ. ಅಡಗಿ ಮಾಡಾಕಿ ನಡುದಾರ್ಯಾಗ ಹೊರಗಾದ್ರ ಎಲ್ಲಾರೂ ಉಪಾಸ ಬೀಳ್ತೀವಿ."

ಮೇಘಾ ನುಂಗಿದಳು. ಹೊರಡುವ ದಿನ ಬಂತು. ತಿಕೋಟಾದ ಮೇಲೆ ಮೋಡ ಕವಿಯಿತು. ಮೋಡ ಬಂದರೆ ದ್ರಾಕ್ಷಿಗೆ ರೋಗ, ಔಷಧ ಹೊಡೆಯದೆ ಸಿದಗೊಂಡಪ್ಪ ಹೇಗೆ ಬಂದಾನು? ಯಾತ್ರೆ ಮುಂದೆ ಹೋಯಿತು. ಔಷಧ ಹೊಡೆದಾಯಿತು, ಮತ್ತೆ ಮೋಡ ಬಂತು, ಮತ್ತೆ ಮುಂದೆ ಹೋಯಿತು. ಬಳ್ಳಿಗೆ ಔಷಧ ಹೊಡೆದ ಹಾಗೆಯೇ ಮೇಘಾಗೂ ಗುಳಿಗೆ ನಡೆದೇ ಇತ್ತು. ಅವಳ ಕಾಲು ಬಾತವು, ತಲೆ ಸಿಡಿಯಿತು, ಒಗ್ಗರಣೆಯ ವಾಸನೆಗೆ ವಾಂತಿ ಬರತೊಡಗಿತು.

"ಯವ್ವಾ, ಡಾಕ್ಟರಗ ಕೇಳೀಯೇನ?" ಎಂದಳು ಆರತಿ.

"ಆಯಿ ತಂದಾಳ."

"ಆಯಿ ಡಾಕ್ಟರೇನ?"

"ಬಾಯಿ ಭಾಳ ಆಗೈತಿ ನಿಂದು," ಎಂದು ರೇಣವ್ವ ಅಡುಗೆಮನೆಯಿಂದಲೇ ಗದರಿದಳು. "ನಾವೆಲ್ಲಾ ಪಂಢರಪುರಕ್ಕ ಹೋಗೂವಾಗ ಇವನ್ನ ನುಂಗಿದವ್ರ. ಸತ್ತೀವೇನ?"

ಅಂತೂ ಒಂದು ನಸುಕಿನಲ್ಲಿ ಟೆಂಪೊ ಸೊಲ್ಲಾಪುರದ ದಾರಿ ಹಿಡಿಯಿತು. ಗ್ಯಾಸ್ ಸಿಲಿಂಡರು, ಒಲೆ, ಪಾತ್ರೆಗಳೆಲ್ಲ ಕೊನೆಯ ಸೀಟಿನ ಹಿಂದೆ, ಅವುಗಳ ಪಕ್ಕ ಮೇಘಾ. ಪೆಟ್ರೋಲ್ ಪಂಪ್ ಕಂಡಲ್ಲಿ ಗಾಡಿ ನಿಲ್ಲಬೇಕು, ಗಂಡಸರು ಮೈ ಮುರಿಯುತ್ತ ಇಳಿಯಬೇಕು, ಮೇಘಾ ಒಲೆ ಇಳಿಸಬೇಕು. ಉಂಡು ಕೈ ತೊಳೆದವರು ಕಿಟಕಿ ಬದಿಗೆ ಕೂತು ದೇಶ ನೋಡಿದರು. ಅವಳು ಪಾತ್ರೆ ನೋಡಿದಳು.

ಹೊರಟ ದಿನವೇ ಗುಳಿಗೆ ಮುಗಿದಿದ್ದವು. ಅಷ್ಟು ದಿನ ತಡೆದು ಹಿಡಿದದ್ದು ಎರಡು ದಿನಕ್ಕೆ ಜಬಲಪುರದಲ್ಲಿ ಬಂತು. ಬೆಳಿಗ್ಗೆ ಒಂದು ಪಂಪಿನ ಬಾತ್‌ರೂಮಿನಿಂದ ಹೊರಬಂದ ಮೇಘಾ ಅತ್ತೆಯನ್ನು ಬದಿಗೆ ಕರೆದು ಹೇಳಿದಳು. ರೇಣವ್ವ ಹಣೆ ಬಡಿದುಕೊಂಡು, ಹಲ್ಲುಪುಡಿ ಉಜ್ಜುತ್ತ ನಿಂತಿದ್ದ ಗಂಡನ ಹತ್ತಿರ ಹೋದಳು. ಟೆಂಪೊದ ಈ ಬದಿಯಲ್ಲಿ ನಿಂತಿದ್ದ ಮೇಘಾಗೆ ಆ ಬದಿಯ ಮಾತು ಅಷ್ಟೂ ಕೇಳಿಸಿತು.

"ನನ್ನ ಕಿವಿಗಿ ಬಿದ್ದಿಲ್ಲಂತ ತಿಳಕೊ," ಎಂದ ಗೊಲ್ಲಾಳಪ್ಪ. "ಸಿದಗೊಂಡಗ ಗೊತ್ತಾತಂದ್ರ ಒಂದ ತುತ್ತು ಬಾಯಾಗ ಹಾಕೂದಿಲ್ಲ ಅಂವ. ಮೊದಲ ಚಹಾ ಇಡಾಕ ಹೇಳು."

ಮೇಘಾ ಚಹಾ ಇಟ್ಟಳು. ಎಲ್ಲರೂ ಕುಡಿದರು.

"ಹಂಗಾರ ನಾ ಜಳಕಾನೂ ಮಾಡಬೌದಲ್ರಿ ಅತ್ತಿ?" ಎಂದು ಗಾಡಿ ಹತ್ತುವ ಮುಂಚೆ ಕೇಳಿದಳು.

"ಹುಚ್ಚಿ ಏನ ಬೇ ನೀ? ಗಂಗವ್ವನ ನೀರು ಅದು!"

"ಅಡಗಿಗೆ ನಡೀತೈತಿ?"

"ದಾರ್ಯಾಗ ಎಲ್ಲಾ ನಡೀತೈತಿ."

"ದಾರ್ಯಾಗ ನಡದದ್ದು ನೀರಾಗ ಯಾಕ ನಡಿಯೂದಿಲ್ರಿ?"

"ಮ್ಯಾಲ ಮಾತಾಡಬ್ಯಾಡ. ಜ್ವರಾ ಬಂದಾವಂತ ಎಲ್ಲಾರಿಗೂ ಹೇಳ್ತೀನಿ. ದಂಡೀಮ್ಯಾಗ ಕುಂಡ್ರು."

ಹೀಗೆ ಅವಳಿಗೆ ಜ್ವರ ಬಂತು. ಜ್ವರ ಬಂದವಳೇ ಮಧ್ಯಾಹ್ನ ಅನ್ನ ಸಾರು ಮಾಡಿದಳು, ಸಂಜೆ ಚಪಾತಿ ಲಟ್ಟಿಸಿದಳು. ಜ್ವರದವಳ ಕೈಯಲ್ಲಿ ಯಾಕೆ ಕೆಲಸ ಮಾಡಿಸುತ್ತೀರಿ ಎಂದು ಕೇಳುವ ಒಂದು ಬಾಯಿ ಆ ಗಾಡಿಯಲ್ಲಿ ಇರಲಿಲ್ಲ.

ಸಂಗಮದ ದಂಡೆ ಮುಟ್ಟಿದಾಗ ಬಿಸಿಲು ಈಗಷ್ಟೇ ಏರುತ್ತಿತ್ತು. ಎಲ್ಲಿ ನೋಡಿದರೂ ಮರಳು, ದೋಣಿ, ಜನ. ನೀರಿನ ಮೇಲೆ ಬಿಳಿ ಹಕ್ಕಿಗಳು ಕಿರುಚುತ್ತಿದ್ದವು. ದೋಣಿಯವರು ಕೈ ಹಿಡಿದು ಎಳೆಯುತ್ತಿದ್ದರು. ಎರಡು ನದಿಗಳ ನೀರು ಕೂಡುವ ಜಾಗ ನಡು ಹೊಳೆಯಲ್ಲಿದೆ, ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಗಂಡಸರು ಚಡ್ಡಿ, ಟವೆಲ್ಲಿನಲ್ಲಿ ನಡುಗುತ್ತ ನಿಂತರು. ಅವರ ಪ್ಯಾಂಟು, ಚಪ್ಪಲಿ, ಮೊಬೈಲು ಮೇಘಾಳ ಮುಂದೆ ಗುಡ್ಡೆಯಾದವು.

ರೇಣವ್ವ ಕೈ ಚಾಚಿದಳು. "ಸೀರಿ ತಾ. ನಾ ತುಂಬಿ ಬರ್ತೀನಿ."

ಮೇಘಾ ಚೀಲವನ್ನು ಎದೆಗೆ ಒತ್ತಿಕೊಂಡಳು. "ಏನ್ರಿ, ನೀವರೆ ಹೇಳ್ರಿ," ಎಂದಳು ಗಂಡನ ಕಡೆ ತಿರುಗಿ. "ನಮ್ಮವ್ವ ನನ್ನ ಸಲುವಾಗಿ ಹೊತ್ತ ಹರಕಿ ಇದು. ಒಂದ ಸಲ ಮುಳುಗಿ ಏಳ್ತೀನಿ."

ದೇವಾನಂದ ಹಕ್ಕಿಗಳನ್ನು ನೋಡಿದ. "ಈಗ ಅವ್ವನ ಮಾತು ಕೇಳು. ಮತ್ತೊಮ್ಮೆ ಬರೂಣು."

"ಮತ್ತೊಮ್ಮೆ ಅಂದ್ರ ಯಾವಾಗ?"

ದೋಣಿಯವನು ಕೂಗಿದ. ದೇವಾನಂದನಿಗೆ ಅಷ್ಟೇ ಬೇಕಿತ್ತು. ರೇಣವ್ವ ಚೀಲವನ್ನು ಸೊಸೆಯ ಕೈಯಿಂದ ಬಿಡಿಸಿಕೊಂಡು ನಡೆದಳು. "ಹೆಸರು ನೀಲವ್ವ ಅಂತ ಹೇಳ್ರಿ ಅತ್ತಿ, ಬಬಲೇಶ್ವರದ ನೀಲವ್ವ," ಎಂದು ಮೇಘಾ ಹಿಂದಿನಿಂದ ಕೂಗಿದಳು. ರೇಣವ್ವ ಹೂಂ ಅಂದ ಹಾಗಿತ್ತು.

ಬಂದವರಿಗೆ ತಿನ್ನಲು ಬಿಸಿ ಬೇಕಲ್ಲ. ಮೇಘಾ ಮರಳಿನಲ್ಲಿ ಒಲೆ ಊರಿ ಉಪ್ಪಿಟ್ಟು ಮಾಡಿದಳು. ಕಣ್ಣೆದುರು ಗಂಗೆ, ಕೈಯಲ್ಲಿ ಚಮಚೆ.

ರೇಣವ್ವ ಒದ್ದೆ ಕೂದಲು ಹಿಂಡುತ್ತ, ಮುಖವೆಲ್ಲ ಅರಳಿಸಿಕೊಂಡು ಬಂದಳು. "ತುಂಬಿ ಬಂದೆ ನೋಡವಾ. ಸೀರಿ ಎಷ್ಟ ಚಂದ ತೇಲಿ ಹೋತು!"

"ಅವ್ವನ ಹೆಸರು ಹೇಳಿದ್ರಿ?"

"ಯಾರ ಮನಿದು ಅಂತ ಪೂಜಾರಿ ಕೇಳಿದ. ನಿಮ್ಮ ಮಾವಾರು ನಮ್ಮ ಮನಿತನದ ಹೆಸರು ಹೇಳಿದ್ರು, ನನ್ನ ಹೆಸರು ಹೇಳಿದ್ರು. ಗಂಗವ್ವಗ ಮುಟ್ಟಿದ್ರ ಸಾಕಿಲ್ಲ?"

"ಸೀರಿ ನಮ್ಮವ್ವಂದು."

"ಸೊಸಿ ತಂದದ್ದು ಮನೀದು. ಇದಕ್ಯಾಕ ಮಾರಿ ಸಣ್ಣ ಮಾಡ್ತಿ?"

ಮೇಘಾ ಕೈಯ ಚಮಚೆಯನ್ನು ಮರಳಿಗೆ ಚುಚ್ಚಿದಳು. ಅತ್ತೆಯನ್ನು ಅದೇ ಚಮಚೆಯಿಂದ ಹೊಡೆಯಬೇಕು ಅನ್ನಿಸಿದ್ದು ಸುಳ್ಳಲ್ಲ. ಹದಿನಾಲ್ಕು ವರ್ಷದ ಹರಕೆ, ಕೂಲಿ ಮಾಡಿದವಳ ಸೀರೆ, ಎಲ್ಲವೂ ಈ ಮನೆಯ ಹೆಸರಿನಲ್ಲಿ ನೀರು ಪಾಲಾಗಿತ್ತು. ಗೊಲ್ಲಾಳಪ್ಪ ಹೆಗಲಿಗೆ ಶಾಲು ಹೊದ್ದು ಬಂದು ಕೂತ, ಎರಡು ಸಲ ಹಾಕಿಸಿಕೊಂಡು ತಿಂದ. "ಗಂಗಿ ದಂಡೀಮ್ಯಾಗ ಉಪ್ಪಿಟ್ಟಿನ ರುಚೀನ ಬ್ಯಾರೆ," ಎಂದ.

ಕಾಶಿ ಮುಗಿಸಿ ಊರಿಗೆ ಬಂದರು. ಗಂಗೆ ಮಿಂದವರು ನೇರ ಮನೆ ಹೊಗುವಂತಿಲ್ಲವೆಂದು ಜಲನಗರದ ಹನುಮಂತನ ಗುಡಿಯಲ್ಲಿ ಕೂತರು. ಓಣಿಯವರು ಹಲಗೆ ಬಾರಿಸುತ್ತ ಬಂದು ಆರತಿ ಬೆಳಗಿ ಕರೆದೊಯ್ದರು. ಕಾಶಿಯಲ್ಲಿ ಕೊಂಡು ಬಾಯಿ ಬೆಸೆಸಿದ ಗಂಗೆಯ ತಂಬಿಗೆ ದೇವರ ಜಗಲಿ ಏರಿತು. ಮುಂದಿನ ವಾರ ಗಂಗಾಪೂಜೆ, ಬೀಗರಿಗೆಲ್ಲ ಹೋಳಿಗೆ ಊಟ ಎಂದು ಗೊಲ್ಲಾಳಪ್ಪ ಅಲ್ಲೇ ಸಾರಿದ. ಹೋಳಿಗೆ ಯಾರು ಮಾಡುತ್ತಾರೆ ಎಂದು ಈ ಸಲ ಕೇಳಲಿಲ್ಲ.

ತಿಕೋಟಾದಿಂದ ಬಂದ ಆರತಿ ತಾಯಿಯ ಕೊರಳಿಗೆ ಬಿದ್ದಳು. "ಹೆಂಗಿತ್ತು ಯವ್ವಾ ಗಂಗಾ?"

"ದೂರದಿಂದ ಚಲೋ ಕಾಣತೈತಿ."

ಆರತಿ ಬಿಡುವವಳಲ್ಲ. ಕೆದಕಿ ಕೆದಕಿ ಎಲ್ಲವನ್ನೂ ಹೊರಗೆ ತೆಗೆದಳು. ಊಟಕ್ಕೆ ಕೂತಾಗ ಮುತ್ಯಾನ ತಟ್ಟೆಗೆ ಪಲ್ಯ ಬಡಿಸುತ್ತಲೇ ಕೇಳಿದಳು:

"ಮುತ್ಯಾ, ನಮ್ಮವ್ವ ಮಾಡಿದ ಉಪ್ಪಿಟ್ಟು ತಿಂದ್ರಿ. ಅಕಿಗ್ಯಾಕ ಜಳಕ ಮಾಡಗೊಡಲಿಲ್ಲ?"

ಗೊಲ್ಲಾಳಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಸಣ್ಣ ಹುಡುಗಿ ಇಂಥಾ ಮಾತು ಆಡಬಾರದು."

"ಇಂಥಾ ಮಾತಂದ್ರ ಎಂಥಾದು? ನಮ್ಮ ವಿಜ್ಞಾನ ಪುಸ್ತಕದಾಗೇ ಐತಿ."

"ನಿನ್ನ ಪುಸ್ತಕ ಗಂಗಿಗಿಂತ ದೊಡ್ಡದೇನ ಲೇ?" ಆತ ತಟ್ಟೆ ನೂಕಿದ. "ದೇವ್ಯಾ, ನಿನ್ನ ಮಗಳ ಬಾಯಿ ಮುಚ್ಚಸು!"

"ಆರತಿ, ಒಳಗ ನಡಿ," ಎಂದ ದೇವಾನಂದ.

"ಅಕಿಗಿ ಯಾಕ ಬೈತೀರಿ?" ಎಂದಳು ಮೇಘಾ. "ನೀವು ಕೇಳಬೇಕಾಗಿದ್ದನ್ನ ಅಕಿ ಕೇಳ್ಯಾಳ."

ಅಂದಿನಿಂದ ಮನೆಯಲ್ಲಿ ಪಾತ್ರೆಗಳ ಸದ್ದೇ ಹೆಚ್ಚಾಯಿತು. ಮೇಘಾ ಅಡುಗೆ ಮಾಡಿ ಮುಚ್ಚಿಟ್ಟು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಬಡಿಸಲು ಏಳುತ್ತಿರಲಿಲ್ಲ. ರೇಣವ್ವ ಬಡಿಸುತ್ತ ಗೊಣಗುತ್ತಿದ್ದಳು. "ತಾಯಿ ಹೆಸರು ಬಿಟ್ಟಿದ್ದಕ್ಕ ಇಷ್ಟೇನು? ಇಷ್ಟ ಮಂದಿ ಸೊಸ್ತೇರದಾರ ಊರಾಗ, ಇಂಥಾ ಸಿಟ್ಟ ಎಲ್ಲೂ ನೋಡಿಲ್ಲ." ಮೇಘಾ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಗಂಗಾಪೂಜೆಯ ದಿನ ಬೆಳಿಗ್ಗೆ ಕಡಲೆಬೇಳೆ ಕುದಿಸಿ, ಹೂರಣ ರುಬ್ಬಿ, ಕಣಕ ನಾದುತ್ತಿದ್ದಾಗ ಮೇಘಾಗೆ ಮತ್ತೆ ಮುಟ್ಟು ಬಂತು. ಬರುವ ದಿನವಲ್ಲ ಅದು. ಒಳಗೆಲ್ಲ ಏರುಪೇರಾಗಿತ್ತು.

"ಮತ್ತ? ಮೊನ್ನೆರ ಆಗಿತ್ತಲ್ಲಬೇ?" ಎಂದಳು ರೇಣವ್ವ.

"ನಿಮ್ಮ ಗುಳಿಗಿ ಪ್ರಸಾದ ಇದು."

ರೇಣವ್ವ ಗಂಡನ ಹತ್ತಿರ ಓಡಿದಳು. ಆತ ಹೊಸ ಧೋತರದ ನಿರಿಗೆ ಹಿಡಿಯುತ್ತಿದ್ದ. ತಲೆ ಎತ್ತಲಿಲ್ಲ.

"ಇಂಥಾವೆಲ್ಲ ನನ್ನ ಕಿವಿಗಿ ಹಾಕಬ್ಯಾಡ. ಪೂಜಿಗಿ ಕೂಡೂದು ಬ್ಯಾಡ, ಜ್ವರಾ ಅಂತ ಹೇಳೂಣು. ಹೋಳಿಗಿ ಮಾತ್ರ ಬೇಗ ಬೇಗ ಸುಡಾಕ ಹೇಳು."

ಮೇಘಾ ಕೈಗಂಟಿದ ಕಣಕವನ್ನು ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡು, ಅತ್ತೆಯ ಪಕ್ಕದಿಂದಲೇ ಹಾದು, ಮುಂಬಾಗಿಲಿನ ಹೊರಗಿನ ಮೆಟ್ಟಿಲ ಮೇಲೆ ಕೂತಳು. "ಹೊರಗಾದಾಕಿ ಹೊರಗ ಕುಂತೇನಿ. ಇನ್ನ ನಿಮ್ಮ ಹೋಳಿಗಿ ನೀವು ಸುಟ್ಟಕೊಳ್ರಿ," ಎಂದಳು. ರೇಣವ್ವ ಬೇಡಿಕೊಂಡಳು, ಬೈದಳು, ಕೊನೆಗೆ ತಾನೇ ಒಲೆಯ ಮುಂದೆ ಕೂತಳು.

ಬೀಗರು ಬರತೊಡಗಿದರು. ಮೆಟ್ಟಿಲ ಮೇಲೆ ಕೂತ ಸೊಸೆಯನ್ನು ದಾಟದೆ ಒಳಗೆ ಹೋಗುವಂತಿಲ್ಲ. ತಿಕೋಟಾದ ಗಾಡಿ ಬಂತು. ಕುಂಟುತ್ತ ಇಳಿದ ಕಸ್ತೂರವ್ವ ಅವಳ ಎದುರು ನಿಂತಳು. ಹಿಂದೆ ಸಿದಗೊಂಡಪ್ಪ, ಅವನ ಇಬ್ಬರು ಗೆಳೆಯರು.

"ಯಾಕ ಬೇ ಮೇಘಾ, ಇಲ್ಲಿ ಕುಂತಿ? ಮತ್ತ ಜ್ವರಾ ಬಂದಾವೇನ?"

"ಜ್ವರಾ ಇಲ್ರಿ. ಹೊರಗಾಗೇನಿ."

"ಅಯ್ಯ, ಮೆಲ್ಲಕ! ಹಾದೀಮ್ಯಾಗ ಹೇಳ್ತಾರೇನ ಇದನ್ನ?"

"ಒಳಗ ಹೇಳಿದ್ರ ಯಾರ ಕಿವಿಗೂ ಬೀಳೂದಿಲ್ರಿ," ಎಂದಳು ಮೇಘಾ, ಇನ್ನೂ ಗಟ್ಟಿಯಾಗಿ. "ಗಂಗಿಗಿ ಹೋದಾಗೂ ಜ್ವರಾ ಇರಲಿಲ್ಲ. ಜಬಲಪುರದಾಗ ಹೊರಗಾಗಿದ್ದೆ. ಅದಕ್ಕs ನನ್ನ ನೀರಿಗಿ ಇಳಿಸಲಿಲ್ಲ."

ಸಿದಗೊಂಡಪ್ಪ ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡುವುದನ್ನು ಮರೆತ. "ಜಬಲಪುರದಾಗ? ಮತ್ತ ಅಡಗಿ ಯಾರ ಮಾಡಿದ್ರು?"

"ನಾನs."

"ಜಳಕದ ದಿನಾ ಮುಂಜಾನೆ ಚಹಾ?"

"ನಾನs ಮಾಡಿದ್ದು."

ಒಬ್ಬ ಗೆಳೆಯ ಬಾಯಿಗೆ ಟವೆಲ್ ಹಿಡಿದ. "ಅಂದ್ರ ಮೈಲಿಗಿ ಅನ್ನಾ ಉಂಡು ಸಂಗಮದಾಗ ಮುಳುಗೇವಿ. ನಮ್ಮ ಜಳಕದ ಗತಿ ಏನು?" ಎಂದ. ಇನ್ನೊಬ್ಬ, "ಎಲ್ಲಾ ಹಾಳಾತು," ಎಂದ. ಅಡುಗೆಯವಳ ಜಳಕದ ಗತಿ ಏನಾಯಿತು ಎಂಬ ಪ್ರಶ್ನೆ ಅವರ ತಲೆಗೆ ಹೊಳೆಯಲೂ ಇಲ್ಲ.

ಗದ್ದಲ ಕೇಳಿ ಗೊಲ್ಲಾಳಪ್ಪ ಹೊರಗೆ ಬಂದ. ಸಿದಗೊಂಡಪ್ಪ ಮುಖಕ್ಕೇ ಕೇಳಿದ. "ಮಾವ, ನಿಮಗ ಗೊತ್ತಿತ್ತು?"

"ಗಂಗವ್ವನ ಆಣಿ, ನನಗೇನೂ ಗೊತ್ತಿಲ್ಲ. ಈಕಿ ಮುಚ್ಚಿಟ್ಟಾಳ. ನಮ್ಮೆಲ್ಲಾರ್ನೂ ಕೆಡಿಸ್ಯಾಳ!"

"ಅತ್ತೀನ್ನ ಕರೀರಿ," ಎಂದಳು ಮೇಘಾ. "ಅತ್ತಿ ಬಂದು ಹೇಳಲಿ."

ಆರತಿ ಒಳಗೋಡಿ ಆಯಿಯ ಕೈ ಹಿಡಿದು ಎಳೆದುಕೊಂಡು ಬಂದಳು. ರೇಣವ್ವನ ಬೆರಳ ತುಂಬ ಹೂರಣ. ಅವಳು ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು. ಸೊಸೆಯನ್ನು ನೋಡಲಿಲ್ಲ.

"ನನಗೇನ ಗೊತ್ತಪಾ. ನಾ ಗಾಡ್ಯಾಗ ಮುಂದ ಕುಂತಿದ್ದೆ," ಎಂದಳು.

ಮೇಘಾ ಗಂಡನ ಕಡೆ ತಿರುಗಿದಳು. ದೇವಾನಂದ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. "ಮಂದಿ ಮುಂದ ಇದೆಲ್ಲಾ ಯಾಕ? ತಪ್ಪಾತು ಅಂದಬಿಡು," ಎಂದ.

ಮೇಘಾ ಎದ್ದಳು. ಯಾರೂ ತಡೆಯುವ ಮೊದಲೇ ಒಳಗೆ ಹೋಗಿ, ಜಗಲಿಯ ಮೇಲೆ ಹೂ ಏರಿಸಿಟ್ಟಿದ್ದ ಗಂಗೆಯ ತಂಬಿಗೆಯನ್ನು ತೆಗೆದುಕೊಂಡು ಅದೇ ಮೆಟ್ಟಿಲಿಗೆ ಬಂದಳು. ಪೂಜೆಗೆಂದು ಅದರ ಬಾಯಿ ಬಿಚ್ಚಿ ಆಗಿತ್ತು.

"ಮುಟ್ಟಬ್ಯಾಡ! ಅದನ್ನ ಮುಟ್ಟಬ್ಯಾಡ!" ಎಂದು ಗೊಲ್ಲಾಳಪ್ಪ ಕಿರುಚಿದ.

"ರಕ್ತ ನಿಲ್ಲಲಿ ಅಂತ ನಮ್ಮವ್ವ ಈ ಗಂಗವ್ವಗ ಹರಕಿ ಹೊತ್ತಾಳ. ರಕ್ತ ಬಂತು ಅಂತ ನೀವು ನನ್ನ ದಂಡೀಮ್ಯಾಗ ಕುಂಡ್ರಿಸೀರಿ," ಎಂದಳು ಮೇಘಾ. ಅವಳ ದನಿ ಓಣಿಯ ಕೊನೆಯ ತನಕ ಹೋಯಿತು. "ಗಂಗವ್ವಾ, ಬಬಲೇಶ್ವರದ ನೀಲವ್ವನ ಹೆಸರಿಲೆ ಆಕಿ ಮಗಳು ಜಳಕ ಮಾಡ್ತಾಳ, ತಗೋ."

ತಂಬಿಗೆಯನ್ನು ಎತ್ತಿ ತಲೆಯ ಮೇಲೆ ಸುರಿದುಕೊಂಡಳು. ಹನಿ ಉಳಿಸಲಿಲ್ಲ. ನೀರು ಕೂದಲಿಂದ ಇಳಿದು, ಸೀರೆ ತೋಯಿಸಿ, ಮೆಟ್ಟಿಲ ಮೇಲಿಂದ ಕೆಳಗೆ ಹರಿಯಿತು. ಅದರ ಒಂದು ಚಮಚೆಗಾಗಿ ಊರೂರಿಂದ ಬಂದವರೆಲ್ಲ ತಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ಅಡುಗೆಮನೆಯಿಂದ ಕಮರು ವಾಸನೆ ಬಂತು. ಮೇಘಾ ಬರಿದಾದ ತಂಬಿಗೆಯನ್ನು ಮಾವನ ಕೈಗೆ ಕೊಟ್ಟಳು.

"ಹಂಚಿನ ಮ್ಯಾಲ ಹೋಳಿಗಿ ಸೀಯಾಕತ್ತಾವ," ಎಂದಳು. "ಬೇಕಾದವರು ಹೋಗಿ ತಿರುವಿ ಹಾಕ್ರಿ."